ದುಬೈಯಿಂದ ಬಳೆ ತರುತ್ತಿದ್ದೇವೆ, ಹೆಂಡತಿ ಕೈಗೆ ಹಾಕಿಕೊಂಡರೆ ಕಸ್ಟಮ್ಸ್ ಡ್ಯೂಟಿ ಇಲ್ಲವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ದುಬೈಗೆ ಹೋಗಿ ಮೂರು ವರ್ಷ, ಹೆಂಡತಿ ಮತ್ತು 5 ವರ್ಷದ ಮಗಳು ಬಂದು ಎಂಟು ತಿಂಗಳು. ತಂಗಿಯ ಮದುವೆಗೆಂದು 60 ಗ್ರಾಮಿನ ನಾಲ್ಕು ಬಳೆ ಕೊಂಡಿದ್ದೀರಿ. ಗಂಡಸಿಗೆ 20, ಹೆಂಗಸಿಗೆ 40, ಒಟ್ಟು 60 ಗ್ರಾಂ ಫ್ರೀ, ಅದೂ ಕೈಯಲ್ಲಿ ಹಾಕಿಕೊಂಡು ಬಂದರೆ ಯಾರೂ ಕೇಳುವುದಿಲ್ಲ ಎಂದು ರೂಮ್‌ಮೇಟ್ ಹೇಳಿದ್ದಾನೆ. ಹೌದೇ?

ಅಲ್ಲ. ನಿಮ್ಮ ರೂಮ್‌ಮೇಟ್ ಹೇಳಿದ್ದರಲ್ಲಿ ಗ್ರಾಮಿನ ಲೆಕ್ಕ ಮಾತ್ರ ಸರಿ, ಉಳಿದದ್ದೆಲ್ಲ ತಪ್ಪು. ಗಲ್ಫ್‌ನಲ್ಲಿರುವ ನಮ್ಮೂರಿನವರೆಲ್ಲ ಹೇಳುವುದು ಇಷ್ಟೇ ಅರ್ಧ ಮಾತು. ನಾನೂ ಅದನ್ನೇ ನಂಬಿ ಒಮ್ಮೆ ಕೈಸುಟ್ಟುಕೊಂಡವಳು.

ನಿಮ್ಮ ಪ್ರಶ್ನೆ ಬಂದ 2025ರ ಜುಲೈಯಲ್ಲಿ ನಡೆಯುತ್ತಿದ್ದದ್ದು 2016ರ ಬ್ಯಾಗೇಜ್ ನಿಯಮ, ಅಂದರೆ ಹೊರದೇಶದಿಂದ ಬರುವವರ ಸಾಮಾನಿನ ನಿಯಮ; 2026ರ ಫೆಬ್ರವರಿಯಲ್ಲಿ ಅದು ಬದಲಾಯಿತು, ಹಾಗಾಗಿ ಇಲ್ಲಿನ ಮಿತಿ, ದರ, ಲೆಕ್ಕ ಎಲ್ಲ ಆ ಕಾಲದ್ದು. ಅದರಲ್ಲಿ ಗಂಡಸಿಗೆ 20 ಗ್ರಾಂ ಒಡವೆ, ಆದರೆ ಬೆಲೆ 50 ಸಾವಿರ ರೂಪಾಯಿ ದಾಟಬಾರದಿತ್ತು. ಹೆಂಗಸಿಗೆ 40 ಗ್ರಾಂ, ಬೆಲೆ ಒಂದು ಲಕ್ಷ ದಾಟಬಾರದಿತ್ತು. ತೂಕ, ಬೆಲೆ ಎರಡೂ ಮಿತಿಯೊಳಗಿರಬೇಕಿತ್ತು. ನಿಯಮ ಬರೆದ ಕಾಲಕ್ಕೆ ಒಡವೆ ಚಿನ್ನ ಗ್ರಾಮಿಗೆ ಮೂರು ಸಾವಿರವೂ ಇರಲಿಲ್ಲ, ಹಾಗಾಗಿ 20 ಗ್ರಾಮಿಗೂ 50 ಸಾವಿರಕ್ಕೂ ಹೆಚ್ಚುಕಡಿಮೆ ತಾಳೆ ಆಗುತ್ತಿತ್ತು. 2025ರ ಜುಲೈಯಲ್ಲಿ ಒಂಬತ್ತು ಸಾವಿರದ ಆಸುಪಾಸು ಇತ್ತು. 50 ಸಾವಿರಕ್ಕೆ ಬರುತ್ತಿದ್ದದ್ದು ಐದೂವರೆ ಗ್ರಾಂ. ನಮ್ಮ ಕರಾವಳಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಪವನೂ (8 ಗ್ರಾಂ) ಇಲ್ಲ! ಗ್ರಾಮಿನ ಮಾತು ಊರಿಡೀ ಓಡಾಡುತ್ತದೆ, ರೂಪಾಯಿಯ ಮಾತು ಕಸ್ಟಮ್ಸ್ ಕೌಂಟರಿನಲ್ಲೇ ಗೊತ್ತಾಗುವುದು.

ಎರಡನೆಯದು, ಈ ಒಡವೆಯ ಸವಲತ್ತು ಸಿಗುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ವಾಸವಿದ್ದವರಿಗೆ. ನಿಮಗೆ ಸಿಗುತ್ತದೆ. ಎಂಟು ತಿಂಗಳಾದ ನಿಮ್ಮ ಮನೆಯವರಿಗೆ ಇಲ್ಲ. ಇದ್ದರೂ ಇಬ್ಬರದನ್ನು ಕೂಡಿಸಿ 60 ಅನ್ನುವ ಹಾಗಿಲ್ಲ, ಅವರವರದು ಅವರವರಿಗೆ.

ಮೂರನೆಯದು ಕೈಗೆ ಹಾಕಿಕೊಳ್ಳುವ ವಿಚಾರ. ದಿನಬಳಕೆಯ ಬಟ್ಟೆಬರೆಗೆ ಡ್ಯೂಟಿ ಇಲ್ಲ, ಸರಿ. ಆದರೆ ದಿನಬಳಕೆಯ ವಸ್ತು ಅಂದರೆ ಏನು ಎಂದು ಅದೇ ನಿಯಮ ಹೇಳುವಲ್ಲಿ ಒಡವೆಯನ್ನು ಹೆಸರಿಟ್ಟು ಹೊರಗಿಟ್ಟಿದೆ. ಬಳೆ ಪೆಟ್ಟಿಗೆಯಲ್ಲಿದ್ದರೂ ಕೈಯಲ್ಲಿದ್ದರೂ ಕಸ್ಟಮ್ಸ್‌ನವರ ಕಣ್ಣಿಗೆ ಒಂದೇ.

ಹಾಗಾದರೆ ಮದುವೆ ಖರ್ಚಿನ ಜೊತೆ ಇದೂ ಒಂದು ಬರೆಯೇ ಎಂದು ಗಾಬರಿ ಬೀಳಬೇಡಿ ಮಾರಾಯ್ರೆ. ರೂಮ್‌ಮೇಟ್‌ಗೆ ಗೊತ್ತಿಲ್ಲದ ಇನ್ನೊಂದು ಬಾಗಿಲಿದೆ. ಭಾರತದ ಪಾಸ್‌ಪೋರ್ಟ್ ಇದ್ದು, ಕನಿಷ್ಠ ಆರು ತಿಂಗಳು ಹೊರಗಿದ್ದು ಬರುವವರು ಒಂದು ಕಿಲೋವರೆಗೆ ಚಿನ್ನವನ್ನು ರಿಯಾಯಿತಿ ದರದ ಡ್ಯೂಟಿ ಕಟ್ಟಿ ತರಬಹುದು. ಆ ಆರು ತಿಂಗಳಲ್ಲಿ ಊರಿಗೆ ಬಂದುಹೋಗಿದ್ದರೆ, ಬಂದ ದಿನಗಳೆಲ್ಲ ಸೇರಿ 30 ದಾಟಿರಬಾರದು, ಆಗ ಈ ರಿಯಾಯಿತಿ ಪಡೆದಿರಲೂಬಾರದು. 2024ರ ಜುಲೈ ಬಜೆಟ್ಟಿನಲ್ಲಿ ಈ ದರ 15ರಿಂದ 6 ಪ್ರತಿಶತಕ್ಕೆ ಇಳಿಯಿತು. ನಿಮ್ಮದು 60 ಗ್ರಾಂ, 2025ರ ಜುಲೈ ಬೆಲೆಯಲ್ಲಿ ಅಂದಾಜು 5 ಲಕ್ಷ 40 ಸಾವಿರ ಅಂದುಕೊಳ್ಳಿ. ನಿಮ್ಮ ಆಗಿನ ಫ್ರೀ 50 ಸಾವಿರ ಕಳೆದರೆ 4 ಲಕ್ಷ 90 ಸಾವಿರ. ಅದರ 6 ಪ್ರತಿಶತ 29,400 ರೂಪಾಯಿ. ರಿಯಾಯಿತಿ ಇಲ್ಲದವರಿಗೆ ಆಗ ಬ್ಯಾಗೇಜಿನ ಸಾಮಾನ್ಯ ದರ 38.5 ಪ್ರತಿಶತ ಇತ್ತು, ಅಂದರೆ ಇದೇ ಬಳೆಗೆ ಒಂದು ಲಕ್ಷ 88 ಸಾವಿರದಷ್ಟು. ವ್ಯತ್ಯಾಸ ನೋಡಿ.

ಎರಡು ಸಣ್ಣ ಕೊಕ್ಕೆ ಇವೆ. ಬಳೆಗೆ ಕಲ್ಲು, ಮುತ್ತು ಕೂರಿಸಿದ್ದರೆ ಈ ರಿಯಾಯಿತಿ ಇಲ್ಲ. ಮತ್ತೆ ಈ ಡ್ಯೂಟಿಯನ್ನು ವಿದೇಶಿ ಹಣದಲ್ಲೇ ಕಟ್ಟಬೇಕು. 1,300 ದಿರ್ಹಂ, ಕೈಗಾವಲಿಗೆ ಇನ್ನೊಂದು ಇನ್ನೂರು, ನೋಟಿನಲ್ಲೇ ಜೇಬಲ್ಲಿರಲಿ. ಹೊರಗೆ ಕಾಯುವ ಭಾವನಿಂದ ರೂಪಾಯಿ ತರಿಸುತ್ತೇನೆ ಅಂದರೆ ನಡೆಯುವುದಿಲ್ಲ.

ಈಗ ನನ್ನ ಕಥೆ. 2019. ಶಾರ್ಜಾಕ್ಕೆ ಹೋಗಿ ಏಳು ತಿಂಗಳಾಗಿತ್ತು, ಅಜ್ಜಿಗೆ ಸೌಖ್ಯ ಇಲ್ಲ ಎಂದು ಹೊರಟೆ. ನಮ್ಮ ಕಟ್ಟಡದಲ್ಲೇ ಇದ್ದ ಊರಿನ ಹುಡುಗನೊಬ್ಬ ಎರಡು ಪವನಿನ ಸರ ತಂದು, ಅಕ್ಕಾ, ಅಮ್ಮನಿಗೆ ಕೊಟ್ಟುಬಿಡಿ, ಕುತ್ತಿಗೆಗೆ ಹಾಕ್ಕೊಂಡ್ರೆ ಏನೂ ಆಗ್ಲಿಕ್ಕಿಲ್ಲ ಅಂದ. ಹಾಕಿಕೊಂಡೆ. ಊರಿಗೆ ಬಂದಿಳಿದು, ಬ್ಯಾಗು ತೆಗೆದುಕೊಂಡು, ಹಸಿರು ಬೋರ್ಡಿನ ಕಡೆ ಎಲ್ಲರ ಜೊತೆ ನಡೆದೆ. ಎಕ್ಸ್‌ರೇ ಹತ್ತಿರ ನಿಂತಿದ್ದ ಹೆಂಗಸು ಅಧಿಕಾರಿ ನನ್ನ ದುಪಟ್ಟಾ ನೋಡಿದರು. ಮೇ ತಿಂಗಳ ಸೆಕೆಯಲ್ಲಿ ಯಾರಾದರೂ ಕುತ್ತಿಗೆಗೆ ಮೂರು ಸುತ್ತು ದುಪಟ್ಟಾ ಸುತ್ತಿಕೊಳ್ಳುತ್ತಾರಾ?

"ಸರ ನಿಮ್ಮದಾ?"

"ಹೌದು."

"ಎಲ್ಲಿ ಮಾಡಿಸಿದ್ದು?"

"ಊರಲ್ಲೇ. ಮದುವೆಗೆ."

ಸರದ ಕೊಂಡಿಯ ಹತ್ತಿರ ಅಂಗಡಿಯ ಪ್ಲಾಸ್ಟಿಕ್ ಟ್ಯಾಗಿನ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು ನನಗೇ ತೋರಿಸಿದರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅದಕ್ಕೇ ಇನ್ನೂ ನಾಚಿಕೆಯಾಯಿತು.

ಆಮೇಲೆ ಮೂರು ಗಂಟೆ ಕುರ್ಚಿಯಲ್ಲಿ. ತೂಕ ನೋಡಿ, ಬೆಲೆ ಕಟ್ಟಲು ಜನ ಬರಬೇಕು, ಹೇಳಿಕೆ ಬರೆಸಬೇಕು, ಸಹಿ ಹಾಕಬೇಕು. ಹೊರಗೆ ಅಪ್ಪ ಆಟೋದವನನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕೊನೆಗೆ ಡ್ಯೂಟಿ, ಸರ ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ಪೆನಾಲ್ಟಿ, ಮೂರೂ ಕಟ್ಟಿದೆ. ಏಳು ತಿಂಗಳು ಹೊರಗಿದ್ದವಳು, ನನ್ನದೇ ಚಿನ್ನವಾಗಿದ್ದು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ರಿಯಾಯಿತಿ ದರ ಕೇಳಬಹುದಿತ್ತು. ಬಚ್ಚಿಟ್ಟು ಸಿಕ್ಕಿಬಿದ್ದವಳಿಗೆ ಯಾವ ರಿಯಾಯಿತಿ? ಹುಡುಗ ಅರ್ಧ ಹಣ ಕೊಟ್ಟ. ಉಳಿದರ್ಧ ಅವನ ಅಮ್ಮನ ಕುತ್ತಿಗೆಯಲ್ಲಿದೆ, ಜಾತ್ರೆಯಲ್ಲಿ ಸಿಕ್ಕಾಗಲೆಲ್ಲ ನೋಡಿ ಬರುತ್ತೇನೆ.

ಆ ಕುರ್ಚಿಯಲ್ಲಿ ಕೂತಾಗ ನನಗೆ ತಿಳಿದದ್ದು, ಹಸಿರು ದಾರಿಯಲ್ಲಿ ನಡೆಯುವುದೇ ಒಂದು ಹೇಳಿಕೆ. ನಾನು ಫಾರ್ಮ್ ತುಂಬಿಲ್ಲ, ಯಾರೂ ಕೇಳಿಲ್ಲ, ಹಾಗಾಗಿ ಸುಳ್ಳು ಹೇಳಿಲ್ಲ ಎಂದು ವಾದ ಮಾಡಲು ಹೋದೆ. ಕಾನೂನು ಹಾಗೆ ನೋಡುವುದಿಲ್ಲ. ಬ್ಯಾಗಿನಲ್ಲಿ ಏನಿದೆ ಎಂದು ಹೇಳುವ ಹೊಣೆ 1962ರ ಕಸ್ಟಮ್ಸ್ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಪ್ರಯಾಣಿಕನದೇ. ಹಸಿರು ಬೋರ್ಡಿನ ಕೆಳಗೆ ಕಾಲಿಟ್ಟರೆ, ಡ್ಯೂಟಿ ಕಟ್ಟುವಂಥದ್ದು ನನ್ನಲ್ಲಿ ಏನೂ ಇಲ್ಲ ಎಂದು ಕಾಲಲ್ಲೇ ಹೇಳಿದ ಹಾಗೆ.

2023ರಲ್ಲಿ ಮತ್ತೆ ಚಿನ್ನ ತಂದಾಗ ಡ್ಯೂಟಿ ಕಟ್ಟಬೇಕಾದವರ ಕೆಂಪು ಬೋರ್ಡಿಗೆ ಸೀದಾ ಹೋದೆ. ಕೌಂಟರಿನಲ್ಲಿ ಯಾರೂ ಇರಲಿಲ್ಲ! ಚಹಾಕ್ಕೆ ಹೋದವರನ್ನು ಕರೆಸಬೇಕಾಯಿತು. ಬಂದವರಿಗೂ ಆಶ್ಚರ್ಯ, ತಾನಾಗಿಯೇ ಬಂದು ನಿಂತವಳು ಎಂದು. ಬಿಲ್ಲು, ಪಾಸ್‌ಪೋರ್ಟಿನ ಸೀಲು ನೋಡಿದರು, ದಿರ್ಹಂ ಎಣಿಸಿಕೊಂಡರು, ರಸೀದಿ ಕೊಟ್ಟರು. ಮುಕ್ಕಾಲು ಗಂಟೆ. ಕೆಂಪು ಅಂದರೆ ತಪ್ಪಿತಸ್ಥರ ದಾರಿ ಎಂಬ ಭಾವನೆ ನಮ್ಮವರಲ್ಲಿ ಹೇಗೆ ಬಂತೋ ಗೊತ್ತಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 14.2 ಕಿಲೋ ಕಳ್ಳಸಾಗಣೆ ಚಿನ್ನ ಸಿಕ್ಕ ಸುದ್ದಿ ಓದಿದ ಮೇಲೆ ನಾಲ್ಕು ಬಳೆ ತರುವವರೂ ನಡುಗುತ್ತಿದ್ದಾರೆ. ಬಿಲ್ಲು ಹಿಡಿದು ಕೆಂಪು ಕೌಂಟರಿಗೆ ಹೋಗುವವರಿಗೆ ಆ ಹೆದರಿಕೆ ಬೇಡ.

ನೀವು ಕೇಳದೇ ಇದ್ದರೂ ನಿಮ್ಮ ಮನೆಯವರ ಕರಿಮಣಿ, ಕಿವಿಯ ಓಲೆ ವಿಚಾರ ಹೇಳಬೇಕು. ಊರಿಂದಲೇ ಹಾಕಿಕೊಂಡು ಹೋದದ್ದಕ್ಕೆ ವಾಪಸ್ ಬರುವಾಗ ಡ್ಯೂಟಿ ಇಲ್ಲ, ಆದರೆ ಅದು ಇಲ್ಲಿಂದ ಹೋದದ್ದೇ ಎಂದು ತೋರಿಸುವುದು ನಿಮ್ಮ ಕೆಲಸ. ಹೊರಡುವ ದಿನ ಇಲ್ಲಿನ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಂಡಿದ್ದರೆ ತಂಟೆಯೇ ಇಲ್ಲ. ನೀವು ಬರೆಸಿಕೊಂಡಿರಲಿಕ್ಕಿಲ್ಲ, ಯಾರೂ ಬರೆಸಿಕೊಳ್ಳುವುದಿಲ್ಲ. ಹಳೆಯ ಬಿಲ್ಲು ಇದ್ದರೆ ಅದರ ಫೋಟೋ, ಇಲ್ಲದಿದ್ದರೆ ಅದೇ ಒಡವೆ ಕಾಣುವ ಮದುವೆ ಫೋಟೋ ಫೋನಿನಲ್ಲಿಟ್ಟುಕೊಳ್ಳಿ. ಮದುವೆ ಮುಗಿಸಿ ಮರಳುವಾಗ ಮಾತ್ರ ತಪ್ಪದೆ ಬರೆಸಿ, ನಿಲ್ದಾಣಕ್ಕೆ ಯಾವಾಗಲೂ ಹೋಗುವುದಕ್ಕಿಂತ ಒಂದು ಗಂಟೆ ಮುಂಚೆ ಹೋದರಾಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಖರ್ಜೂರ, ಸೆಂಟು, ಚಾಕೊಲೇಟ್, ಹಾಲಿನ ಪುಡಿ ಎಲ್ಲ ಸೇರಿ 2025ರಲ್ಲಿ ತಲೆಗೆ 50 ಸಾವಿರದವರೆಗೆ ಫ್ರೀ ಇತ್ತು, ಮಗಳಿಗೂ ಇತ್ತು. ಇದನ್ನೂ ಮೂವರದ್ದು ಕೂಡಿಸುವ ಹಾಗಿಲ್ಲ. ಲ್ಯಾಪ್‌ಟಾಪ್ ಒಂದಾದರೆ ಈ ಲೆಕ್ಕಕ್ಕೆ ಸೇರದು. ಮಾವನಿಗೆಂದು 55 ಇಂಚಿನ ಟಿವಿ ನೋಡಿದ್ದೇನೆ ಅಂದಿದ್ದೀರಿ, ಬಿಟ್ಟುಬಿಡಿ. 2013ರಿಂದ ಟಿವಿಗೆ ಫ್ರೀ ಮಿತಿಯೇ ಇಲ್ಲ, 2025ರಲ್ಲಿ ಪೂರ್ತಿ ಬೆಲೆಗೆ 38.5 ಪ್ರತಿಶತ ಡ್ಯೂಟಿ ಇತ್ತು. ಅದಕ್ಕಿಂತ ಊರಿನ ಅಂಗಡಿಯಲ್ಲಿ ಕಂತಿನಲ್ಲಿ ಕೊಡಿಸಿ, ಕೆಟ್ಟರೆ ರಿಪೇರಿಯವನಾದರೂ ಮನೆಗೆ ಬರುತ್ತಾನೆ. ಚಿನ್ನದ ನಾಣ್ಯ, ಬಿಸ್ಕತ್ತು ಒಡವೆಯಲ್ಲ, ಅದಕ್ಕೆ ಮೊದಲ ಗ್ರಾಮಿನಿಂದಲೇ ಡ್ಯೂಟಿ. ವಿದೇಶಿ ನೋಟು 5,000 ಡಾಲರ್ ಮೌಲ್ಯ ದಾಟಿದರೆ ಅದಕ್ಕೆ ಬೇರೆ ಫಾರ್ಮ್ ತುಂಬಬೇಕು, ಡ್ಯೂಟಿ ಏನಿಲ್ಲ. ಮದ್ಯ ಎರಡು ಲೀಟರ್. ಇ-ಸಿಗರೇಟು ತರಲೇಬೇಡಿ, 2019ರಿಂದ ನಮ್ಮಲ್ಲಿ ನಿಷೇಧ.

ಯಾರಾದರೂ ಪೊಟ್ಟಣ ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ನೋಡಿದ ಮೇಲೆ ಚಿನ್ನವಾಗಿದ್ದರೆ ಆಗುವುದಿಲ್ಲ ಅನ್ನಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಸಹಿ ಹಾಕುವವರು ನೀವು.

ಬಳೆಯ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ, ನಾಲ್ಕೂ ನಿಮ್ಮ ಕೈಚೀಲದಲ್ಲಿರಲಿ, ನೀವೇ ಡಿಕ್ಲೇರ್ ಮಾಡಿ. ಅತಿಥಿ ಅನ್ನುವ ಕಸ್ಟಮ್ಸ್‌ನದೇ ಆ್ಯಪ್ ಇದೆ, ಹೊರಡುವ ಮೊದಲೇ ಅದರಲ್ಲಿ ವಿವರ ತುಂಬಬಹುದು. ಕೌಂಟರಿನಲ್ಲಿ ಯಾರೂ ಇಲ್ಲದಿದ್ದರೆ ಅಲ್ಲೇ ನಿಂತು ಕರೆಯಿರಿ, ತಡವಾಯಿತು ಎಂದು ಹಸಿರಿನ ಕಡೆ ಹೆಜ್ಜೆ ಹಾಕಬೇಡಿ. ಮತ್ತೆ, ಹಿಂದಿರುಗುವಾಗ ನಿಮ್ಮ ಅತ್ತೆ ಪಾಯಸಕ್ಕೆಂದು ಗಸಗಸೆ ಕಟ್ಟಿಕೊಟ್ಟರೆ ಅವರ ಎದುರು ತೆಗೆದುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ. ದುಬೈಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಅಲ್ಲಿ ಡ್ಯೂಟಿ ಕಟ್ಟಿ ಬಿಡಿಸಿಕೊಳ್ಳುವ ಕೌಂಟರ್ ಇಲ್ಲ.