ಎಂಟು ಗಂಟೆ ಮಲಗಿದರೂ ತಲೆ ಭಾರ ಏಕೆ?

ಪ್ರಶ್ನೆ: ಪದವಿ ಎರಡನೇ ವರ್ಷದಲ್ಲಿದ್ದೇನೆ. ತರಗತಿಗಳೆಲ್ಲ ಆನ್‌ಲೈನ್ ಆದಮೇಲೆ ರಾತ್ರಿ ಎರಡಾದರೂ ನಿದ್ದೆ ಸುಳಿಯುವುದಿಲ್ಲ. 9ರ ತರಗತಿಗೆ 8.55ಕ್ಕೆ ಎಚ್ಚರಗೊಂಡು ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆಯುತ್ತೇನೆ. ಹಾಗೆ ನೋಡಿದರೆ ಮೊದಲಿಗಿಂತ ಹೆಚ್ಚು ಹೊತ್ತು ಮಲಗುತ್ತೇನೆ. ಆದರೂ ಮಧ್ಯಾಹ್ನದವರೆಗೆ ತಲೆ ಭಾರ. ಏನು ಮಾಡಲಿ?

ಉತ್ತರ: ಹಾಸಿಗೆಯಲ್ಲಿ ಕಳೆದ ಹೊತ್ತು ಬೇರೆ, ನಿದ್ದೆ ಮಾಡಿದ ಹೊತ್ತು ಬೇರೆ. ಮೊದಲು ಅದನ್ನು ಅಳೆದುಕೊಳ್ಳಿ. ಎರಡು ವಾರ, ದಿನಾ ಎದ್ದಮೇಲೆ, ನಾಲ್ಕು ಸಂಗತಿ ಬರೆದಿಡಿ: ದೀಪ ಆರಿಸಿದ್ದು ಎಷ್ಟಕ್ಕೆ, ನಿದ್ದೆ ಹತ್ತಲು ಎಷ್ಟು ಹಿಡಿಯಿತು, ನಡುವೆ ಎಷ್ಟು ಹೊತ್ತು ಎಚ್ಚರವಿತ್ತು, ಹಾಸಿಗೆ ಬಿಟ್ಟದ್ದು ಎಷ್ಟಕ್ಕೆ. ಅಂದಾಜು ಸಾಕು. ರಾತ್ರಿ ಗಡಿಯಾರ ನೋಡುತ್ತ ಕೂತರೆ ಬರುವ ನಿದ್ದೆಯೂ ಬಾರದು. 1ಕ್ಕೆ ಮಲಗಿ 9ಕ್ಕೆ ಎದ್ದಿರಿ ಎನ್ನೋಣ, 480 ನಿಮಿಷ. ನಿದ್ದೆ ಹತ್ತಲು ಹಿಡಿದ 75, ನಡುವಿನ ಎಚ್ಚರದ 30 ಕಳೆಯಿರಿ. ಉಳಿದದ್ದು 375, ಅಂದರೆ ಶೇ. 78. ಇದು ಶೇ. 85 ದಾಟಬೇಕು. ಎಂಟು ಗಂಟೆ ಮಲಗಿದೆ ಎಂದುಕೊಂಡವರು ನಿಜಕ್ಕೂ ನಿದ್ರಿಸಿದ್ದು ಆರೂಕಾಲು ಗಂಟೆ. ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ಬೇಕು.

ಇನ್ನು ನಿದ್ದೆ ತಡವಾಗುವ ವಿಚಾರ. ಮಿದುಳಿನೊಳಗಿನ ಗಡಿಯಾರದ ಒಂದು ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ಉದ್ದ. ಬೆಳಗಿನ ಬೆಳಕು ದಿನಾ ಸರಿಪಡಿಸದಿದ್ದರೆ ಅದು ತಡವಾಗುತ್ತಲೇ ಹೋಗುತ್ತದೆ. ಇಪ್ಪತ್ತರ ಆಸುಪಾಸಿನಲ್ಲಿ ಈ ಒಲವು ಇನ್ನೂ ಹೆಚ್ಚು. ಅದು ಸೋಮಾರಿತನವಲ್ಲ, ಮನೆಯವರಿಗೂ ಇದು ಗೊತ್ತಿರಲಿ. ಕಾಲೇಜಿಗೆ ಹೋಗುವ ದಾರಿಯಲ್ಲಿ ಈ ಬೆಳಕು ತಾನಾಗಿ ಸಿಗುತ್ತಿತ್ತು. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ; ಕೋಣೆಯ ದೀಪದ್ದು ಸಾಮಾನ್ಯವಾಗಿ 100ರಿಂದ 300 ಲಕ್ಸ್. ಮೋಡ ಕವಿದ ಬೆಳಿಗ್ಗೆಯೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ.

ಆದ್ದರಿಂದ ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡಿ, ಏಳುವ ಹೊತ್ತನ್ನು ಹಿಡಿಯಿರಿ. ಎರಡು ಮೂರು ದಿನಕ್ಕೊಮ್ಮೆ 20 ನಿಮಿಷದಂತೆ ಬೇಗ ಮಾಡುತ್ತ 7.30ಕ್ಕೆ ತನ್ನಿ. ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ 30 ನಿಮಿಷ ನಡೆಯಿರಿ. ಕಿಟಕಿಯ ಪಕ್ಕ ಕೂತರೆ ಆಗದೇ ಎನ್ನಬೇಡಿ. ಗಾಜಿನಿಂದ ಒಂದೆರಡು ಮೀಟರ್ ಒಳಗೆ ಬಂದರೆ ಬೆಳಕು ಹಲವು ಪಟ್ಟು ಇಳಿದಿರುತ್ತದೆ. ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಬೇಡ.

ಹೆಚ್ಚಿನವರು ಎಡವುವುದು ಆತುರದಲ್ಲಿ. ಎರಡಕ್ಕೆ ಮಲಗುತ್ತಿದ್ದವರು ಇದ್ದಕ್ಕಿದ್ದಂತೆ 10.30ಕ್ಕೇ ಮಲಗುತ್ತಾರೆ, ಹೊರಳಾಡುತ್ತಾರೆ. ಮಾಮೂಲಿ ನಿದ್ದೆಗೆ ಮುಂಚಿನ ಎರಡು ಮೂರು ಗಂಟೆ ದೇಹ ಚುರುಕಾಗಿರುವ ಹೊತ್ತು, ಆಗ ನಿದ್ದೆ ಕರೆದರೂ ಬರುವುದಿಲ್ಲ. ಇನ್ನು ಕೆಲವರು 4.30ಕ್ಕೆ ಅಲಾರಂ ಇಡುತ್ತಾರೆ. ಮಾಮೂಲಾಗಿ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ದೇಹದ ಉಷ್ಣತೆ ತೀರ ಕೆಳಗಿರುತ್ತದೆ. ಅದಾದ ಮೇಲೆ ಬಿದ್ದ ಬೆಳಕು ಗಡಿಯಾರವನ್ನು ಬೇಗ ಮಾಡುತ್ತದೆ, ಅದಕ್ಕೂ ಮೊದಲು ಬಿದ್ದದ್ದು ಇನ್ನಷ್ಟು ತಡ ಮಾಡುತ್ತದೆ. 9ಕ್ಕೆ ಏಳುವವರಿಗೆ 4.30ರ ಟ್ಯೂಬ್‌ಲೈಟ್ ಹಿತಶತ್ರು.

ಪ್ರಶ್ನೆ: ಹಾಸಿಗೆಯಲ್ಲಿ ಓದಬೇಡಿ ಎನ್ನುತ್ತಾರೆ. ನನಗಿರುವುದು ಒಂದೇ ಪುಟ್ಟ ಕೋಣೆ, ಒಂದೇ ಮಂಚ. ಮೇಜಿಲ್ಲ.

ಉತ್ತರ: ಜಾಗ ಬದಲಿಸಲಾಗದಿದ್ದರೆ ಜಾಗದ ರೂಪ ಬದಲಿಸಿ. ಬೆಳಿಗ್ಗೆ ಹೊದಿಕೆ ಮಡಚಿ, ದಿಂಬನ್ನು ಕಣ್ಣಿಗೆ ಬೀಳದ ಕಡೆ ಇಡಿ, ಮಂಚಕ್ಕೆ ಬೇರೆ ಬಣ್ಣದ ಬಟ್ಟೆ ಹಾಸಿ. ತಲೆ ಇಡುವ ಬದಿಗೆ ಬೆನ್ನು ಕೊಡದೆ ಕಾಲಿನ ಬದಿಯ ಗೋಡೆಗೆ ಒರಗಿ ಕೂತು, ಗಟ್ಟಿ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಡಿ. ಮಲಗಲು ಒಂದು ಗಂಟೆ ಇರುವಾಗ ಇದನ್ನೆಲ್ಲ ಬಿಚ್ಚಿ, ಚಾರ್ಜರ್ ಸಮೇತ ಕೈಗೆಟುಕದ ಮೂಲೆಗೆ ಸೇರಿಸಿ. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ನೆಲದ ಮೇಲೆ ಚಾಪೆ ಹಾಸಿ ಮಂದ ಬೆಳಕಿನಲ್ಲಿ ಕೂರಿ. ಕಣ್ಣು ಎಳೆದಾಗ ಮಾತ್ರ ಮರಳಿ ಹಾಸಿಗೆಗೆ. ಇದನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದರು, ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಮೊದಲ ಕೆಲವು ದಿನ ನಿದ್ದೆ ಇನ್ನೂ ಕಡಿಮೆಯಾದೀತು. ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಆದರೆ ಆ ದಿನಗಳಲ್ಲಿ ವಾಹನ ಓಡಿಸಬೇಡಿ. ಮೂರ್ಛೆರೋಗ ಅಥವಾ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಕೂಡದು.

ಪ್ರಶ್ನೆ: ಸಂಜೆಯ ಕಾಫಿ, ಊಟದ ನಂತರದ ನಿದ್ದೆ ಎರಡನ್ನೂ ಬಿಡಬೇಕೇ?

ಉತ್ತರ: ಕಾಫಿಯ ಹೊತ್ತು ಹಿಂದಕ್ಕೆ ಸರಿಸಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಎರಡು ಕಪ್ಪಿನಲ್ಲಿ 200 ಮಿಲಿಗ್ರಾಂ ಹೋದರೆ ರಾತ್ರಿ 10ಕ್ಕೂ 100 ಉಳಿದಿರುತ್ತದೆ. ಮಧ್ಯಾಹ್ನ 2ರ ನಂತರ ಬೇಡ. ಹಗಲು ನಿದ್ದೆ ಮಧ್ಯಾಹ್ನ 3ಕ್ಕೆ ಮೊದಲೇ ಮುಗಿಯಲಿ, 20 ನಿಮಿಷ, ಅಲಾರಂ ಇಟ್ಟು. ಒಂದು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗಿ ಮಂಪರು ಹಿಡಿಯುತ್ತದೆ, ರಾತ್ರಿಯ ನಿದ್ದೆಗೂ ಕತ್ತರಿ.

ಪ್ರಶ್ನೆ: ವೈದ್ಯರ ಬಳಿ ಹೋಗಬೇಕಾದ್ದು ಯಾವಾಗ?

ಉತ್ತರ: ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದಿದ್ದರೆ. ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ ಅಷ್ಟು ಕಾಯಬೇಡಿ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಅವರನ್ನು ಕರೆದುಕೊಂಡೇ ಹೋಗಿ.