ಕಾರ್ಡ್ ಹೊಸದು, ಫ್ರೇಮ್ ಮಾತ್ರ ಹಳೆಯದೇ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಬಾರಿ: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಜೋಡಿ

ಪ್ರಶ್ನೆ: ನನ್ನ ಪಿಸಿಯಲ್ಲಿ ಐ3-10100ಎಫ್ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಇದೆ. ಹಳೆಯ ಜಿಟಿಎಕ್ಸ್ 1650 ತೆಗೆಸಿ ಆರ್‌ಟಿಎಕ್ಸ್ 4060 ಹಾಕಿಸಿದೆ. ಸೈಬರ್‌ಪಂಕ್ 2077 ಆಟ ಈಗ ಚೆನ್ನಾಗಿ ಓಡುತ್ತದೆ. ಆದರೆ ಕೌಂಟರ್-ಸ್ಟ್ರೈಕ್ 2ರಲ್ಲಿ ಲೋ ಸೆಟ್ಟಿಂಗ್ಸ್ ಇಟ್ಟರೂ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಹೆಚ್ಚುಕಡಿಮೆ ಮೊದಲಿನಷ್ಟೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಪ್ರೊಸೆಸರ್) ಬಳಕೆ 50% ಕೂಡ ದಾಟುವುದಿಲ್ಲ. ಅದನ್ನು ನೋಡಿ ಅಂಗಡಿಯವರು ಪ್ರೊಸೆಸರ್‌ನದು ತೊಂದರೆಯೇ ಅಲ್ಲ ಎನ್ನುತ್ತಾರೆ. ಹಾಗಾದರೆ ಕಾರ್ಡ್‌ನಲ್ಲೇ ದೋಷವಿದೆಯೇ ಸರ್?
(ದಾವಣಗೆರೆಯ ಓದುಗರು)

ಉತ್ತರ: ಕಾರ್ಡ್‌ನಲ್ಲಿ ದೋಷವಿಲ್ಲ. ಸೈಬರ್‌ಪಂಕ್ ಚೆನ್ನಾಗಿ ಓಡುತ್ತಿರುವುದೇ ಅದಕ್ಕೆ ಸಾಕ್ಷಿ. ನಿಮ್ಮ ಫ್ರೇಮ್‌ಗಳನ್ನು ತಡೆದು ನಿಲ್ಲಿಸಿರುವುದು ಪ್ರೊಸೆಸರ್, ಅದರ ಜೊತೆಗೆ ಆ ಒಂಟಿ ರ‍್ಯಾಮ್.

ಪರದೆಗೆ ಬರುವ ಒಂದೊಂದು ಫ್ರೇಮ್‌ಗೂ ಎರಡು ಕಡೆ ಕೆಲಸ ನಡೆಯಬೇಕು. ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು, ಸರ್ವರ್‌ನಿಂದ ಏನು ಬಂತು ಎಂಬ ಲೆಕ್ಕವನ್ನೆಲ್ಲ ಮುಗಿಸಿ ‘ಇದನ್ನು ಬಿಡಿಸು’ ಎಂಬ ಆಜ್ಞೆಗಳ ಪಟ್ಟಿ ತಯಾರಿಸುವುದು ಪ್ರೊಸೆಸರ್. ಗ್ರಾಫಿಕ್ಸ್ ಡ್ರೈವರ್ ಓಡುವುದೂ ಪ್ರೊಸೆಸರ್ ಮೇಲೆಯೇ. ಆ ಪಟ್ಟಿ ಹಿಡಿದು ಪಿಕ್ಸೆಲ್‌ಗಳನ್ನು ತುಂಬುವುದು ಕಾರ್ಡ್. ಕಾರ್ಡ್ ಒಂದು ಫ್ರೇಮ್ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನದರ ತಯಾರಿಯಲ್ಲಿರುತ್ತದೆ. ಹಾಗಾಗಿ ಎರಡರ ಸಮಯ ಕೂಡುವುದಿಲ್ಲ, ಯಾವುದು ನಿಧಾನವೋ ಅದರ ವೇಗವೇ ಆಟದ ವೇಗವಾಗುತ್ತದೆ.

ತಿಳಿಯಲೆಂದು ಒಂದು ಲೆಕ್ಕ ಹಿಡಿಯೋಣ. ಒಂದು ಆಟದಲ್ಲಿ ಫ್ರೇಮ್‌ಗೆ ಪ್ರೊಸೆಸರ್ 8 ಮಿಲಿಸೆಕೆಂಡ್, ಹಳೆಯ ಕಾರ್ಡ್ 7 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ ಎನ್ನಿ. 1000ವನ್ನು 8ರಿಂದ ಭಾಗಿಸಿದರೆ 125 ಎಫ್‌ಪಿಎಸ್. ಹೊಸ ಕಾರ್ಡ್ ಅದೇ ಕೆಲಸವನ್ನು 3 ಮಿಲಿಸೆಕೆಂಡ್‌ನಲ್ಲಿ ಮುಗಿಸಿದರೂ ಎಫ್‌ಪಿಎಸ್ 125ರಲ್ಲೇ ನಿಲ್ಲುತ್ತದೆ, ಉಳಿದ 5 ಮಿಲಿಸೆಕೆಂಡ್ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಇನ್ನೊಂದು ಆಟದಲ್ಲಿ ಪ್ರೊಸೆಸರ್‌ಗೆ 10, ಹಳೆಯ ಕಾರ್ಡ್‌ಗೆ 33, ಹೊಸದಕ್ಕೆ 13 ಮಿಲಿಸೆಕೆಂಡ್ ಎಂದುಕೊಳ್ಳಿ. ಅಲ್ಲಿ ಎಫ್‌ಪಿಎಸ್ 30ರಿಂದ 77ಕ್ಕೆ ಏರುತ್ತದೆ. ನಿಮ್ಮ ಎರಡು ಆಟಗಳಲ್ಲಿ ಆಗಿರುವುದು ಇಷ್ಟೇ.

ಅಂಗಡಿಯವರು ತೋರಿಸಿದ 50% ದಾರಿ ತಪ್ಪಿಸುವ ಅಂಕಿ. ನಿಮ್ಮ ಪ್ರೊಸೆಸರ್‌ನಲ್ಲಿ 4 ಕೋರ್, 8 ಥ್ರೆಡ್. ಥ್ರೆಡ್ ಎಂದರೆ ಪ್ರೊಸೆಸರ್ ಒಂದೇ ಸಮಯಕ್ಕೆ ನಡೆಸಬಲ್ಲ ಕೆಲಸದ ಒಂದು ಸಾಲು. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್ ಮೇಲೆ ಬೀಳುತ್ತದೆ. ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 12.5%. ಆದ್ದರಿಂದ ನೋಡಬೇಕಾದದ್ದು ಕಾರ್ಡ್ ಬಳಕೆ. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆಗೆ ರಿವಾಟ್ಯೂನರ್ ತಂತ್ರಾಂಶ ಹಾಕಿಕೊಂಡು ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಬಳಕೆ, ಒಂದೊಂದು ಥ್ರೆಡ್‌ನ ಬಳಕೆ, ಫ್ರೇಮ್‌ಟೈಮ್ (ಒಂದು ಫ್ರೇಮ್‌ಗೆ ಹಿಡಿದ ಸಮಯ) ಮೂರೂ ಪರದೆ ಮೇಲೆ ಕಾಣುವಂತೆ ಮಾಡಿ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟುವ ಸೆಟ್ಟಿಂಗ್), ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆಯಿರಿ. ಜಿಪಿಯು 95ರಿಂದ 99% ಇದ್ದರೆ ತಡೆ ಕಾರ್ಡ್‌ನದು. 60, 70ರಲ್ಲಿ ಅಲೆದಾಡುತ್ತಿದ್ದರೆ ಪ್ರೊಸೆಸರ್ ಕಡೆಯದು. ಇನ್ನೂ ಖಾತ್ರಿ ಬೇಕೆಂದರೆ ಅದೇ ಮ್ಯಾಪ್, ಅದೇ ಜಾಗದಲ್ಲಿ ನಿಂತು ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆಯಾದರೂ ಎಫ್‌ಪಿಎಸ್ ಅಲುಗದಿದ್ದರೆ ಕಾರ್ಡ್ ಮೇಲೆ ಸಂಶಯವೇ ಬೇಡ.

ಮೊದಲು ರ‍್ಯಾಮ್ ಸರಿಮಾಡಿ. ಈ ಪ್ರೊಸೆಸರ್ ಡಿಡಿಆರ್4-2666 ತನಕ ಬೆಂಬಲಿಸುತ್ತದೆ. ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಸುಮಾರು 21 ಜಿಬಿ, ಎರಡಿದ್ದರೆ ಸುಮಾರು 42 ಜಿಬಿ ದತ್ತಾಂಶ ಹರಿಯುತ್ತದೆ. ಇದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿ) ಕೇವಲ 6 ಎಂಬಿ, ಮಾತು ಮಾತಿಗೂ ರ‍್ಯಾಮ್ ಬಾಗಿಲು ತಟ್ಟಬೇಕಾದ ಪ್ರೊಸೆಸರ್ ಇದು. ಅದೇ ವೇಗದ ಇನ್ನೊಂದು 8 ಜಿಬಿ ತಂದು ಹಾಕಿ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್. ಅಕ್ಕಪಕ್ಕ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೇ ಹರಿಯುವ ವ್ಯವಸ್ಥೆ) ಆಗುವುದಿಲ್ಲ. ಸರಾಸರಿ ಎಫ್‌ಪಿಎಸ್‌ಗಿಂತ ನಡುನಡುವೆ ಬರುವ ಜರ್ಕ್ ಕಡಿಮೆಯಾಗುವುದು ನಿಮಗೆ ಮೊದಲು ಗೊತ್ತಾಗುತ್ತದೆ.

ಆಮೇಲೆ ಪ್ರೊಸೆಸರ್. ಅದೇ ಬೋರ್ಡ್‌ಗೆ ಐ5-10400ಎಫ್ ಹಾಕಿದರೆ ಕೋರ್ 6, ಕ್ಯಾಶ್ 12 ಎಂಬಿ ಆಗುತ್ತದೆ. ಆದರೆ ಗರಿಷ್ಠ ವೇಗ ಎರಡರದ್ದೂ 4.3 ಗಿಗಾಹರ್ಟ್ಸ್, ಹಾಗಾಗಿ ದೊಡ್ಡ ನೆಗೆತ ನಿರೀಕ್ಷಿಸಬೇಡಿ. ನಾವಾದರೆ ಹಣ ಕೂಡಿಟ್ಟು ಐ5-12400ಎಫ್ ಮತ್ತು ಎಚ್610 ಬೋರ್ಡ್ ತೆಗೆದುಕೊಳ್ಳಲು ಹೇಳುತ್ತೇವೆ. ಎಚ್610ರಲ್ಲಿ ಡಿಡಿಆರ್4, ಡಿಡಿಆರ್5 ಎರಡೂ ಬಗೆ ಸಿಗುತ್ತವೆ. ಡಿಡಿಆರ್4ನದೇ ಕೇಳಿ ಪಡೆದರೆ ಈಗಿನ ರ‍್ಯಾಮ್ ವ್ಯರ್ಥವಾಗುವುದಿಲ್ಲ. ಹಳೆಯ ಕೂಲರ್ ಮಾತ್ರ ಕೂರುವುದಿಲ್ಲ, ತೂತುಗಳ ಅಂತರ 75 ಮಿ.ಮೀ.ಯಿಂದ 78ಕ್ಕೆ ಬದಲಾಗಿದೆ. ಬಾಕ್ಸ್‌ನಲ್ಲಿ ಬರುವ ಕೂಲರ್ ಸಾಕು.

ಅಲ್ಲಿಯವರೆಗೆ ಒಂದು ಲಾಭವಿದೆ. ಕಾರ್ಡ್ ಹೇಗೂ ಖಾಲಿ ಕೂತಿದೆಯಲ್ಲ, ಟೆಕ್ಸ್‌ಚರ್, ಆ್ಯಂಟಿ-ಅಲಿಯಾಸಿಂಗ್ (ಚಿತ್ರದ ಅಂಚು ನುಣುಪಾಗಿಸುವುದು) ಏರಿಸಿ. ಎಫ್‌ಪಿಎಸ್ ಇಳಿಯದೆ ಚಿತ್ರ ಚಂದವಾಗುತ್ತದೆ.

ಪ್ರಶ್ನೆ: ರೈಜನ್ 5 5600 ಜೊತೆ ಆರ್‌ಟಿಎಕ್ಸ್ 4070 ಹಾಕಿದರೆ 20% ಬಾಟಲ್‌ನೆಕ್ (ಒಂದು ಭಾಗ ಇನ್ನೊಂದನ್ನು ತಡೆಯುವುದು) ಆಗುತ್ತದೆ ಎಂದು ಇಂಟರ್‌ನೆಟ್‌ನ ಕ್ಯಾಲ್ಕುಲೇಟರ್ ತೋರಿಸುತ್ತದೆ. ಕೊಳ್ಳಲೋ ಬೇಡವೋ?
(ಮಂಡ್ಯದ ಓದುಗರು)

ಉತ್ತರ: ಆ ಶೇಕಡಾ ಲೆಕ್ಕಕ್ಕೆ ಬೆಲೆ ಕೊಡಬೇಡಿ. ಯಾವ ಆಟ, ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್ ಮಾನಿಟರ್ ಎಂದು ಕೇಳದೆ ಹೇಳುವ ಅಂಕಿಗೆ ಅರ್ಥವಿಲ್ಲ. ನಿಮ್ಮೂರ ಆಲೆಮನೆ ನೆನಪಿಸಿಕೊಳ್ಳಿ. ಕಬ್ಬು ಕೊಡುವವರ ಕೈ ನಿಧಾನವಾದರೆ ಗಾಣ ಬರಿದೇ ತಿರುಗುತ್ತದೆ. ಒಮ್ಮೆಲೇ ದಪ್ಪ ದಪ್ಪ ಜಲ್ಲೆ ತುರುಕಿದರೆ ಕೊಡುವವರೇ ಕಾಯಬೇಕು. ಗಾಣವೂ ಅದೇ, ಆಳೂ ಅದೇ. ಬದಲಾದದ್ದು ಕಬ್ಬು. ಗಾಣ ಎಂದರೆ ಕಾರ್ಡ್, ಆಳು ಎಂದರೆ ಪ್ರೊಸೆಸರ್, ಕಬ್ಬು ಎಂದರೆ ಆಟ.

ಸರಿಯಾದ ದಾರಿ ಇದು. ನಿಮ್ಮ ಆಟದಲ್ಲಿ 5600 ಅನ್ನು ಅತಿ ಬಲಶಾಲಿ ಕಾರ್ಡ್ ಜೊತೆ 1080ಪಿಯಲ್ಲಿ ಪರೀಕ್ಷಿಸಿದ ಫಲಿತಾಂಶ ಹುಡುಕಿ, ಅದು ಪ್ರೊಸೆಸರ್‌ನ ಗರಿಷ್ಠ ಮಿತಿ. ಬಳಿಕ 4070 ಅನ್ನು ಅತಿ ಬಲಶಾಲಿ ಪ್ರೊಸೆಸರ್ ಜೊತೆ ನಿಮ್ಮ ಮಾನಿಟರ್‌ನ ರೆಸಲ್ಯೂಷನ್‌ನಲ್ಲಿ ಪರೀಕ್ಷಿಸಿದ್ದು ನೋಡಿ, ಅದು ಕಾರ್ಡ್‌ನ ಮಿತಿ. ಎರಡರಲ್ಲಿ ಯಾವುದು ಕಡಿಮೆಯೋ ಸರಿಸುಮಾರು ಅದೇ ನಿಮಗೆ ಸಿಗುವ ಎಫ್‌ಪಿಎಸ್. ಎರಡೂ ಪರೀಕ್ಷೆಯ ಗ್ರಾಫಿಕ್ಸ್ ಸೆಟ್ಟಿಂಗ್ಸ್ ಒಂದೇ ಇರಲಿ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ) ಹಾಕಿದರೆ ಪ್ರೊಸೆಸರ್ ಹೊರೆಯೂ ಏರುತ್ತದೆ, ಅದನ್ನು ಬೇರೆಯಾಗಿಯೇ ನೋಡಿ.

ಪ್ರಶ್ನೆ: ರೈಜನ್ 5 3600, ಆರ್‌ಎಕ್ಸ್ 6600 ಇದೆ. 1440ಪಿ ಮಾನಿಟರ್ ತಂದರೆ ಪ್ರೊಸೆಸರ್ ಕೂಡ ಬದಲಿಸಬೇಕೇ?
(ಮೈಸೂರಿನ ಓದುಗರು)

ಉತ್ತರ: ಬೇಡ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಈ ಹೆಚ್ಚಳವೆಲ್ಲ ಬೀಳುವುದು ಕಾರ್ಡ್ ಮೇಲೆ. ಎದುರಾಳಿಗಳ ಸಂಖ್ಯೆ ಹೆಚ್ಚುವುದಿಲ್ಲ, ಹಾಗಾಗಿ ಪ್ರೊಸೆಸರ್‌ಗೆ ಹೆಚ್ಚಿನ ಕೆಲಸವಿಲ್ಲ. ಹೊಸ ಆಟಗಳಲ್ಲಿ ಮೊದಲು ಸುಸ್ತಾಗುವುದು ನಿಮ್ಮ 6600. ಎಫ್‌ಎಸ್‌ಆರ್ ಕ್ವಾಲಿಟಿ ಹಾಕಿದರೆ ಒಳಗೆ ಸುಮಾರು 960ಪಿಯಲ್ಲಿ ಬಿಡಿಸಿ ದೊಡ್ಡದು ಮಾಡುತ್ತದೆ, ಕಾರ್ಡ್‌ಗೆ ಉಸಿರು ಬರುತ್ತದೆ.

ಪ್ರಶ್ನೆ: ಮಗನಿಗೆ 144 ಹರ್ಟ್ಸ್ ಮಾನಿಟರ್ ಕೊಡಿಸಿದೆವು. ಆಟ ಸರಿಯಾಗಿ 60ಕ್ಕೇ ನಿಲ್ಲುತ್ತದಂತೆ. ಪ್ರೊಸೆಸರ್ ಹಳೆಯದಾಗಿರುವುದು ಕಾರಣವೇ?
(ಶಿವಮೊಗ್ಗದ ಓದುಗರು)

ಉತ್ತರ: ಅಲುಗಾಡದೆ 60ರಲ್ಲೇ ನಿಂತರೆ ಅದು ಶಕ್ತಿಯ ಕೊರತೆಯಲ್ಲ, ಯಾರೋ ಹಾಕಿದ ಮಿತಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ 144 ಮಾಡಿ. ಆಟದೊಳಗೆ ವಿ-ಸಿಂಕ್ ಮತ್ತು ಎಫ್‌ಪಿಎಸ್ ಮಿತಿ ನೋಡಿ. ಪಟ್ಟಿಯಲ್ಲಿ 144 ಕಾಣದಿದ್ದರೆ ಕೇಬಲ್ ಡಿಸ್‌ಪ್ಲೇಪೋರ್ಟ್‌ಗೆ ಬದಲಿಸಿ. ಕೇಬಲ್ ಅನ್ನು ಕಾರ್ಡ್‌ನ ಪೋರ್ಟ್‌ಗೇ ಹಾಕಿದ್ದಾರೆಯೇ ಎಂದೂ ಹಿಂದೆ ಬಗ್ಗಿ ನೋಡಿ. ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿರುವುದನ್ನು ಬಹಳ ಮನೆಗಳಲ್ಲಿ ಕಾಣುತ್ತೇವೆ.

ಪ್ರಶ್ನೆ: ಐ5-12400ಎಫ್, ಆರ್‌ಟಿಎಕ್ಸ್ 3060. ಏಪ್ರಿಲ್ ಬಂತೆಂದರೆ ಆಟ ಶುರುವಾಗಿ 20 ನಿಮಿಷಕ್ಕೆ ಎಫ್‌ಪಿಎಸ್ 90ರಿಂದ 55ಕ್ಕೆ ಬೀಳುತ್ತದೆ. ಚಳಿಗಾಲದಲ್ಲಿ ಹೀಗಾಗುವುದಿಲ್ಲ.
(ಕಲಬುರಗಿಯ ಓದುಗರು)

ಉತ್ತರ: ಜೋಡಿ ಸರಿಯಾಗಿದೆ, ಬಿಸಿ ಹೊರಗೆ ಹೋಗುತ್ತಿಲ್ಲ. ಕೋಣೆ 25 ಡಿಗ್ರಿಯಿಂದ 40ಕ್ಕೆ ಏರಿದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಯಾವುದು ಸೋಲುತ್ತಿದೆ ಎಂದು ತಿಳಿಯಲು ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದಿಟ್ಟು ಆಡಿ. ಎಫ್‌ಪಿಎಸ್ ಬೀಳುವ ಗಳಿಗೆಯಲ್ಲಿ ಪ್ರೊಸೆಸರ್ 100 ಡಿಗ್ರಿ ಮುಟ್ಟಿ ಅದರ ಗಿಗಾಹರ್ಟ್ಸ್ ಇಳಿದರೆ ತಪ್ಪು ಪ್ರೊಸೆಸರ್ ಕೂಲರ್‌ನದು. ಕಾರ್ಡ್ 83ರ ಆಸುಪಾಸಿನಲ್ಲಿದ್ದು ಅದರ ಮೆಗಾಹರ್ಟ್ಸ್ ಇಳಿದರೆ ಕ್ಯಾಬಿನೆಟ್‌ಗೆ ಗಾಳಿ ಸಾಲದು. ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದು ಆಡಿದಾಗ ಸರಿಹೋದರೆ ಉತ್ತರ ಅಲ್ಲೇ ಸಿಕ್ಕಿತು: ಮುಂದೆ 120 ಮಿ.ಮೀ. ಫ್ಯಾನ್ ಎರಡು, ಹಿಂದೆ ಒಂದು.

12400ಎಫ್ ಜೊತೆ ಬರುವ ಕೂಲರ್‌ಗೆ ನಾಲ್ಕು ಪುಶ್‌ಪಿನ್‌ಗಳಿವೆ. ಅವುಗಳಲ್ಲಿ ಒಂದು ಪೂರ್ತಿ ಕೂರದೆ ಕೂಲರ್ ಓರೆಯಾಗಿರುವುದು ಸಾಮಾನ್ಯ ತಪ್ಪು. ಮೆಲ್ಲಗೆ ಅಲುಗಿಸಿ ನೋಡಿ, ಒಂದು ಮೂಲೆ ಎದ್ದರೆ ಅದೇ. ಕಳಚಿದ ಮೇಲೆ ಹಳೆಯ ಪೇಸ್ಟ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನಡುವೆ ಬಟಾಣಿಗಿಂತ ತುಸು ಸಣ್ಣ ಉಂಡೆಯಷ್ಟು ಹೊಸದು ಹಾಕಿ, ಪಿನ್‌ಗಳನ್ನು ಎದುರುಬದುರಾಗಿ ಒತ್ತಿ. ಬ್ಲೋವರ್‌ನಿಂದ ಧೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಬೇಸಿಗೆ ಮುಗಿಯುವ ತನಕ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ 80% ಮಾಡಿ. ಕಳೆದುಕೊಳ್ಳುವುದು ಕೆಲವೇ ಫ್ರೇಮ್, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ.

ಪ್ರಶ್ನೆ: ಫ್ರೇಮ್ ಜನರೇಷನ್ ಹಾಕಿದರೆ 45 ಇದ್ದದ್ದು 80 ತೋರಿಸುತ್ತದೆ, ಆದರೆ ಮೌಸ್ ಭಾರ ಎನಿಸುತ್ತದೆ.
(ಹಾಸನದ ಓದುಗರು)

ಉತ್ತರ: ನಡುವಿನ ಫ್ರೇಮ್‌ಗಳನ್ನು ಕಾರ್ಡ್ ತಾನೇ ಹೊಸೆದು ಸೇರಿಸುತ್ತದೆ, ಪ್ರೊಸೆಸರ್‌ಗೆ ಅವುಗಳ ಸುದ್ದಿಯೇ ಇಲ್ಲ. ಹಾಗಾಗಿ ಪ್ರೊಸೆಸರ್ ತಡೆಯುವ ಆಟದಲ್ಲೂ ಅಂಕಿ ಏರುತ್ತದೆ. ಆದರೆ ನಿಮ್ಮ ಕ್ಲಿಕ್ ಓದುವುದು ಅಸಲಿ ಫ್ರೇಮ್‌ಗಳಲ್ಲಿ ಮಾತ್ರ, ಮೇಲಿಂದ ತುಸು ವಿಳಂಬವೂ ಸೇರುತ್ತದೆ. ಮೊದಲು ಕ್ರೌಡ್ ಡೆನ್ಸಿಟಿ, ಶ್ಯಾಡೋ ಮುಂತಾದವನ್ನು ಇಳಿಸಿ ಅಸಲಿ ಎಫ್‌ಪಿಎಸ್ 60 ತಲುಪಿಸಿ, ಆಮೇಲೆ ಹಾಕಿ. ಶೂಟಿಂಗ್ ಸ್ಪರ್ಧೆಯ ಆಟಗಳಿಗೆ ಬೇಡವೇ ಬೇಡ.

ಪ್ರಶ್ನೆ: ರೈಜನ್ 5 2600, ಬಿ450 ಬೋರ್ಡ್, ಹಳೆಯ ಕಾರ್ಡ್. ಎಸ್.ಪಿ. ರೋಡ್‌ಗೆ ಹೋಗಿ ಒಂದು ಸಲಕ್ಕೆ ಒಂದನ್ನೇ ಕೊಳ್ಳಲು ಶಕ್ತಿ ಇದೆ. ಯಾವುದು ಮೊದಲು? ಆರ್ಕ್ ಬಿ580 ಚೆನ್ನಾಗಿದೆ ಎನ್ನುತ್ತಾರೆ.
(ಬೆಂಗಳೂರಿನ ಓದುಗರು)

ಉತ್ತರ: ಮೇಲೆ ಹೇಳಿದ 720ಪಿ ಪರೀಕ್ಷೆ ಮಾಡಿ, ಯಾವುದು ತಡೆಯುತ್ತಿದೆಯೋ ಅದು ಮೊದಲು. ಬಿ580 ಒಳ್ಳೆಯ ಕಾರ್ಡೇ, ಆದರೆ 2600 ಜೊತೆಗಲ್ಲ. ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪುವ ಸೌಲಭ್ಯ) ಬೇಕೇ ಬೇಕು. ಅದರ ಡ್ರೈವರ್ ಪ್ರೊಸೆಸರ್‌ನಿಂದ ಹೆಚ್ಚು ಕೆಲಸ ಕೇಳುವುದರಿಂದ ಹಳೆಯ ಪ್ರೊಸೆಸರ್‌ಗಳಲ್ಲಿ ಎಫ್‌ಪಿಎಸ್ ಗಣನೀಯವಾಗಿ ಕುಸಿಯುತ್ತದೆ. ನಿಮಗೆ ಆರ್‌ಎಕ್ಸ್ 6600 ಹೊಂದುತ್ತದೆ: 132 ವಾಟ್, ಒಳ್ಳೆಯ 450 ವಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಡಬ್ಬಿ) ಸಾಕು.

ಪ್ರೊಸೆಸರ್ ಸರದಿ ಬಂದಾಗ ರೈಜನ್ 5 5600 ಅದೇ ಬೋರ್ಡ್‌ಗೆ ಬರುತ್ತದೆ. ಎಲ್3 ಕ್ಯಾಶ್ 16 ಎಂಬಿಯಿಂದ 32 ಆಗುತ್ತದೆ, ಆರೂ ಕೋರ್‌ಗಳು ಅದನ್ನು ಒಟ್ಟಿಗೇ ಹಂಚಿಕೊಳ್ಳುತ್ತವೆ. ಹೆಸರು ಹತ್ತಿರ ಎಂದು 5500 ತರಬೇಡಿ, ಅದರಲ್ಲಿ 16 ಎಂಬಿಯೇ.

ಹೊಸ ಪ್ರೊಸೆಸರ್ ಹಾಕುವ ಮುನ್ನ, 2600 ಬೋರ್ಡ್‌ನಲ್ಲಿರುವಾಗಲೇ ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಬೇಕು. ಬೋರ್ಡ್ ಮೇಲೆ ಅಚ್ಚಾಗಿರುವ ಪೂರ್ತಿ ಮಾಡೆಲ್ ಮತ್ತು ರಿವಿಷನ್ ಓದಿ, ತಯಾರಕರ ತಾಣದಿಂದ ಅದೇ ಫೈಲ್ ಇಳಿಸಿ, ಎಫ್‌ಎಟಿ32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಮೊದಲೇ ಸಸ್ಪೆಂಡ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ರಿಕವರಿ ಕೀ ಕೇಳುತ್ತದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಮುಗಿದ ಮೇಲೆ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಮತ್ತೆ ಆನ್ ಮಾಡಿ, ಅಪ್‌ಡೇಟ್ ಅದನ್ನು ಅಳಿಸಿರುತ್ತದೆ.

ಕೂಲರ್ ತೆಗೆಯುವಾಗ ಅವಸರ ಬೇಡ. ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್ ಬಗೆಯಲ್ಲಿ 1331 ಪಿನ್‌ಗಳಿರುವುದು ಪ್ರೊಸೆಸರ್‌ನ ಕೆಳಗೆ. ಪೇಸ್ಟ್ ಒಣಗಿದ್ದರೆ ಕೂಲರ್ ನೇರ ಎಳೆದಾಗ ಪ್ರೊಸೆಸರ್ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಆಟ ಆಡಿ ಬಿಸಿಮಾಡಿ, ಆಫ್ ಮಾಡಿ ವಯರ್ ತೆಗೆದು, ಸ್ಕ್ರೂ ಸಡಿಲಿಸಿ, ಕೂಲರ್ ಅನ್ನು ಡಬ್ಬಿಯ ಮುಚ್ಚಳದಂತೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ, ಆಗ ಎತ್ತಿ.