ಸ್ಕ್ಯಾನರಿಗಾಗಿ ಎಸ್‌ಎಂಬಿ 1 ಆನ್ ಮಾಡಬಹುದೇ?

ಪ್ರಶ್ನೆ: ಕಚೇರಿಯ ಹಳೇ ಸ್ಕ್ಯಾನರ್ ಶೇರ್ಡ್ ಫೋಲ್ಡರಿಗೆ ಫೈಲ್ ಕಳಿಸುತ್ತಿಲ್ಲ. ವಿಂಡೋಸ್‌ನಲ್ಲಿ ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯ ಹಳೇ ಆವೃತ್ತಿ) ಆನ್ ಮಾಡಿದರೆ ಸರಿಹೋಗುತ್ತದಂತೆ. ಮಾಡಲೇ?

ಉತ್ತರ: ಸರಿಹೋಗಬಹುದು, ಆದರೂ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ಕುತಂತ್ರಾಂಶ) ಹಬ್ಬಿದ್ದು ಇದರಲ್ಲಿದ್ದ ದೋಷದಿಂದಲೇ. ದೋಷ ಸರಿಪಡಿಸುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಪ್ಯಾಚ್ ಹಾಕಿದರೂ ಈ ಆವೃತ್ತಿಯಲ್ಲಿ ಎನ್‌ಕ್ರಿಪ್ಶನ್ ಇಲ್ಲ (ಅದು ಬಂದದ್ದು 3.0ರಲ್ಲಿ). ನೆಟ್‌ವರ್ಕಿನ ಪ್ಯಾಕೆಟ್ ಹಿಡಿಯಬಲ್ಲವರಿಗೆ ನೀವು ಸ್ಕ್ಯಾನ್ ಮಾಡಿದ ಪುಟಗಳೆಲ್ಲ ಹಾಗೇ ಸಿಗುತ್ತವೆ.

ಮೊದಲು ಸ್ಕ್ಯಾನರಿನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಇದೆಯೇ ನೋಡಿ. ಇಲ್ಲದಿದ್ದರೆ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿಕೊಳ್ಳುವುದೇ ವಾಸಿ. ಯಾರಾದರೂ ಈಗಾಗಲೇ ಆನ್ ಮಾಡಿಟ್ಟಿದ್ದರೆ ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಅದರ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ರೂಟರಿನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟಿಗೆ ಫಾರ್ವರ್ಡಿಂಗ್ (ಇಂಟರ್ನೆಟ್ಟಿನಿಂದ ಒಳಬರುವ ದಾರಿ) ಇದ್ದರೆ ಇವತ್ತೇ ತೆಗೆದುಹಾಕಿ.